ನೋಟದವನ ಸುಳ್ಳು

ಅಪ್ಪಯ್ಯನನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಅವರ ಮುಖವಲ್ಲ, ಬೆನ್ನು. ಕರಿಬಂಡೆಯ ನೆತ್ತಿಯಲ್ಲಿ ಕಡಲಿಗೆ ಮುಖ ಮಾಡಿ, ಕೆಂಪು ಬೈರಾಸನ್ನು ಎರಡೂ ಕೈಯಿಂದ ತಲೆಯ ಮೇಲೆ ಎತ್ತಿ ಹಿಡಿದು ನಿಂತವರ ಬೆನ್ನು. ಬೈರಾಸು ಎಡಕ್ಕೆ ವಾಲಿದರೆ ದೋಣಿ ತೆಂಕಕ್ಕೆ ತಿರುಗಬೇಕು, ಬಲಕ್ಕೆ ವಾಲಿದರೆ ಬಡಗಕ್ಕೆ. ಒಮ್ಮೆಲೇ ಕೆಳಕ್ಕೆ ಬಂತೋ, ಅಲ್ಲೇ ಬಲೆ ಬಿಡಬೇಕು. ಕೆಳಗೆ ನೂರಾರು ಜನ ಉಸಿರು ಬಿಗಿಹಿಡಿದು ಆ ಒಂದು ತುಂಡು ಬಟ್ಟೆಯನ್ನು ನೋಡುತ್ತಿದ್ದರು. ಹಾಗೆ ನೋಡುವವರಲ್ಲಿ ನಾನೂ ಒಬ್ಬಳಾಗಿದ್ದೆ, ಮತ್ತು ಎಲ್ಲರಿಗಿಂತ ಹೆಚ್ಚು ಬೀಗುತ್ತಿದ್ದವಳೂ ನಾನೇ.

ನಮ್ಮೂರಿನಲ್ಲಿ ಆಗ ರಂಪಣಿ ಬಲೆ ಇತ್ತು. ಅದನ್ನು ಕಾಣದವರಿಗೆ ಒಂದು ಮಾತು ಹೇಳಬೇಕು. ಊರಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹಾಸುವಷ್ಟು ಉದ್ದದ ಬಲೆ ಅದು. ದೊಡ್ಡ ದೋಣಿಯಲ್ಲಿ ಅದನ್ನು ಹೇರಿಕೊಂಡು ಹೋಗಿ, ಮೀನಿನ ಹಿಂಡಿನ ಸುತ್ತ ಅರ್ಧ ಚಂದ್ರನ ಹಾಗೆ ಬಿಟ್ಟು ಬಂದರೆ, ಎರಡು ತುದಿಯ ಹಗ್ಗ ಹಿಡಿದು ದಡದಲ್ಲಿ ನಿಂತ ಜನ ಎಳೆಯುತ್ತಿದ್ದರು. ಹಗ್ಗಕ್ಕೆ ಕೈ ಕೊಟ್ಟವರಿಗೆಲ್ಲ ಮೀನಿನಲ್ಲಿ ಪಾಲು. ಆದರೆ ಹಿಂಡು ಎಲ್ಲಿದೆ ಎಂದು ದಡದಲ್ಲಿ ನಿಂತವರಿಗೂ ಕಾಣದು, ದೋಣಿಯಲ್ಲಿ ಕುಳಿತವರಿಗೂ ಕಾಣದು. ನೀರಿನ ಬಣ್ಣ ಎಲ್ಲಿ ಒಂದಿಷ್ಟು ಕಂದುತ್ತದೆ, ಎಲ್ಲಿ ಅಲೆಯ ಮೈ ಒರಟಾಗುತ್ತದೆ ಎಂದು ಎತ್ತರದಿಂದ ನೋಡಿ ಹೇಳುವವನೊಬ್ಬ ಬೇಕು. ಅವನನ್ನು ನಾವು ನೋಟದವ ಎಂದು ಕರೆಯುತ್ತಿದ್ದೆವು. ಅವನ ಹೊರತು ಕರಿಬಂಡೆಯನ್ನು ಬೇರೆ ಯಾರೂ ಹತ್ತುವಂತಿಲ್ಲ. ನೂಲಹುಣ್ಣಿಮೆಯಂದು ಕಡಲಿಗೆ ಹಾಲು, ಕಾಯಿ ಬಿಟ್ಟಾದ ಮೇಲೆ, ನೋಟದವ ಬಲೆಯ ಮೇಲೆ ಕೈಯಿಟ್ಟು ಎಲ್ಲರಿಗೂ ಕೇಳುವಂತೆ ಹೇಳಬೇಕಿತ್ತು: "ಕಂಡದ್ದನ್ನು ಮುಚ್ಚಿಡೆ, ಕಾಣದ್ದನ್ನು ಕಟ್ಟಿ ಹೇಳೆ." ಆ ಮಾತು ಬಿದ್ದ ಮೇಲೆಯೇ ಆ ವರ್ಷದ ಬಲೆ ನೀರಿಗಿಳಿಯುವುದು.

ನನ್ನ ಅಪ್ಪಯ್ಯ ಹೆರಿಯಣ್ಣ ಇಪ್ಪತ್ತೆರಡು ವರ್ಷ ಆ ಮಾತು ಹೇಳಿದರು.

ಅವರು ಮಾತು ಕಡಿಮೆಯ ಮನುಷ್ಯ. ಅವರು ಉಳಿಸಿದ ಮಾತನ್ನೆಲ್ಲ ದೇವರು ನನ್ನ ಬಾಯಿಗೆ ಸುರಿದಿದ್ದ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ನೆಪ ಹೇಳಿದ ಹಾಗಾಗುತ್ತದೆ. ಹತ್ತೊಂಬತ್ತರ ವಯಸ್ಸಿನಲ್ಲಿ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಸಂತೆಯಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಕುಳಿತರೆ ನನ್ನ ಹತ್ತಿರ ಚೌಕಾಸಿಗೆ ಬರುವವರು ಎರಡು ಸಲ ಯೋಚಿಸುತ್ತಿದ್ದರು. "ನಿನ್ನ ಬಾಯಿಗೊಂದು ಹಗ್ಗ ಕಟ್ಟೂಕಿತ್ತ್ ಹೆಣೆ, ರಂಪಣಿಯಷ್ಟೇ ಉದ್ದದ್ದ್" ಎಂದು ಅಮ್ಮ ಗೊಣಗುತ್ತಿದ್ದಳು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು.

ಈ ಕತೆಯ ಬೇರು ಹಿಂದಿನ ವರ್ಷದ್ದು. ಮಳೆಗಾಲ ಕಳೆದು ಬಲೆ ಇಳಿಸಿದ ಮೊದಲ ವಾರದಲ್ಲೇ ಶೇಡೆ ಮೀನಿನ ಭಾರೀ ಹಿಂಡು ಬಿತ್ತು. ಶೇಡೆ ಎಂದರೆ ಮೀಸೆಯಿರುವ, ಮೈಮೇಲೆ ಸಿಪ್ಪೆಯಿಲ್ಲದ ಮೀನು, ಬೆನ್ನಿನ ಮುಳ್ಳು ಚುಚ್ಚಿದರೆ ಮೂರು ದಿನ ಅಳಿಸುವಂಥದ್ದು. ಬೆಳಿಗ್ಗೆ ಹಿಡಿದ ಹಗ್ಗ ಮಧ್ಯಾಹ್ನವಾದರೂ ಮುಗಿಯಲಿಲ್ಲ. ಬಲೆ ದಡಕ್ಕೆ ಹತ್ತಿರವಾದ ಹಾಗೆ ಮೀನುಗಳು ಬಾಯಿಯಿಂದ ಏನನ್ನೋ ಉಗುಳತೊಡಗಿದವು. ಹಳದಿ ಬಣ್ಣದ, ಗೋಲಿಯಷ್ಟು ದಪ್ಪನೆಯ ಮೊಟ್ಟೆಗಳು. ಒಂದೆರಡಲ್ಲ, ಅಬ್ಬಬ್ಬಾ, ಮರಳು ಮುಚ್ಚಿ ಹೋಗುವಷ್ಟು. ಕಾಲಿಟ್ಟಲ್ಲಿ ಜಾರುತ್ತಿತ್ತು. ಗಂಡಸರು ಬಿದ್ದೆದ್ದು ನಗುತ್ತಿದ್ದರು. ಸಂಜೆಗೆ ಮೊಟ್ಟೆಯನ್ನು ಬುಟ್ಟಿಗಟ್ಟಲೆ ಹೊತ್ತು ತೆಂಗಿನ ಬುಡಕ್ಕೆ ಗೊಬ್ಬರವೆಂದು ಸುರಿದೆವು. ನಾನೂ ಎರಡು ಬುಟ್ಟಿ ಹೊತ್ತೆ. ನಮಗದು ಹೊಟ್ಟೆ ತುಂಬಿದ ದಿನ, ಸುಳ್ಳೇಕೆ ಹೇಳಲಿ.

ಅಪ್ಪಯ್ಯ ಮಾತ್ರ ಬಂಡೆಯಿಂದಿಳಿದು ಬಂದವರು ಊಟಕ್ಕೂ ಹೋಗದೆ ಅಲ್ಲೇ ಕುಕ್ಕುರುಗಾಲಿನಲ್ಲಿ ಕುಳಿತಿದ್ದರು. ಅಂಗೈಯಲ್ಲಿ ಒಂದು ಮೊಟ್ಟೆ. ನಾನು ಹತ್ತಿರ ಹೋದಾಗ ಅದನ್ನು ಬಿಸಿಲಿಗೆ ಹಿಡಿದು ತೋರಿಸಿದರು. ಒಳಗೆ ಕಪ್ಪಗೆ ಎರಡು ಚುಕ್ಕೆ ಅಲುಗುತ್ತಿದ್ದವು.

"ಎಂತದು ಅಪ್ಪಯ್ಯ?"

"ಕಣ್ಣ್ ಮಗಾ" ಎಂದರು. "ಆಗಳಿಂದ ನನ್ನನ್ನೇ ಕಾಣ್ತಾ ಇತ್ತ್."

ಆಮೇಲೆ ತಮ್ಮ ಅಜ್ಜಿಯಿಂದ ಕೇಳಿದ್ದನ್ನು ಹೇಳಿದರು. ಶೇಡೆಯಲ್ಲಿ ಬಾಣಂತನ ಗಂಡಿನದ್ದು. ಹೆಣ್ಣು ಮೊಟ್ಟೆಯಿಟ್ಟು ತನ್ನ ದಾರಿ ಹಿಡಿಯುತ್ತದೆ, ಗಂಡು ಅದನ್ನೆಲ್ಲ ಬಾಯೊಳಗೆ ಇಟ್ಟುಕೊಳ್ಳುತ್ತದೆ. ಮರಿ ಈಜಿಕೊಂಡು ಹೊರಗೆ ಹೋಗುವವರೆಗೆ ಒಂದು ತುತ್ತು ತಿನ್ನುವುದಿಲ್ಲ, ತಿಂದರೆ ತನ್ನ ಮಕ್ಕಳನ್ನೇ ನುಂಗಿದ ಹಾಗಾಗುತ್ತದಲ್ಲ. ಮಳೆ ನಿಂತ ಮೇಲೆ ನದಿ ಕಡಲಿಗೆ ಸೇರುವ ನಮ್ಮ ಅಳಿವೆಯ ಎದುರಿಗೆ, ರಾಡಿ ನೀರಿನಲ್ಲಿ ಅವು ಗುಂಪುಗೂಡಿ ನಿಲ್ಲುತ್ತವೆ. ಮನೆ ಮನೆಯಲ್ಲಿ ಹೊಸ ಅಕ್ಕಿ ಉಣ್ಣುವ ಹೊಸ್ತಿನ ಹಬ್ಬದ ಹೊತ್ತಿಗೆ ಬಾಯಿ ಖಾಲಿಯಾಗಿ ಚದುರುತ್ತವೆ. ಅಪ್ಪಯ್ಯ ಇದನ್ನು ಚಿಕ್ಕಂದಿನಲ್ಲಿ ಕೇಳಿ ಮರೆತಿದ್ದರಂತೆ. "ಇಪ್ಪತ್ತ್ ವರ್ಷ ನಾನೇ ಬೈರಾಸ್ ಬೀಸಿದ್ದ್" ಎಂದರು. "ಬಂಡೆ ಮೇಲಿಂದ ಹಿಂಡ್ ಕಂಡಿತ್ತ್, ಬಾಯಿ ಕಂಡಿರ್ಲಿಲ್ಲ."

ಮರುವರ್ಷ ನೂಲಹುಣ್ಣಿಮೆಯಂದು, ಬಲೆ ಮುಟ್ಟಿ ಮಾತು ಕೊಡುವ ಮುಂಚೆ, ಅಪ್ಪಯ್ಯ ಜೀವಮಾನದಲ್ಲಿ ಮೊದಲ ಸಲ ಗುಂಪಿನ ನಡುವೆ ನಿಂತು ಮಾತಾಡಿದರು. ಶೇಡೆ ಒಂದನ್ನು ಹೊಸ್ತಿನವರೆಗೆ ಬಿಟ್ಟುಬಿಡೋಣ, ಉಳಿದ ಮೀನಿಗೆ ಬಲೆ ಹಾಕೋಣ ಎಂದರು. ಗುಂಪಿನ ಯಜಮಾನರು ಚಿಕ್ಕಯ್ಯ ತಾಂಡೇಲರು. ಒಳ್ಳೆಯ ಮನುಷ್ಯ. ಆ ಮಳೆಗಾಲದಲ್ಲಿ ಒಲೆ ಹತ್ತದ ಮನೆಗಳಿಗೆ ತಮ್ಮ ಮನೆಯ ಅಕ್ಕಿ ಅಳೆದು ಕೊಟ್ಟವರು. ಅವರೂ ನಕ್ಕುಬಿಟ್ಟರು.

"ಮೀನಿನ ಬಾಣಂತನ ಮಾಡೂಕೆ ನಾವೆಲ್ಲ ಸೂಲಗಿತ್ತಿಯರಾ ಹೆರಿಯಣ್ಣ?"

ಗುಂಪೆಲ್ಲ ನಕ್ಕಿತು. ನಗು ನಿಂತ ಮೇಲೆ ತಾಂಡೇಲರು ಮೆತ್ತಗೆ ಹೇಳಿದರು: "ನೀ ಹೇಳೂದ್ ಸುಳ್ಳಲ್ಲ ಮಾರಾಯ. ಆದ್ರೆ ನಾವ್ ಬಿಟ್ರೆ ಯಂತ್ರದ ದೋಣಿಯವ್ರ್ ಬಿಡ್ತ್ರಾ? ಮೂರ್ ತಿಂಗಳ್ ಮಳೆಗೆ ಮಕ್ಕಳ್ ಗಂಜಿ ನೀರ್ ಕುಡ್ದ್ ಕೂತಿದೊ. ಕಡಲ್ ಅಂದ್ರೆ ಅಕ್ಕಿ ಮುಡಿಯಾ, ಖಾಲಿ ಆಪುಕೆ? ಬಾ, ಬಲೆ ಮುಟ್ಟ್."

ಅಪ್ಪಯ್ಯ ಬಲೆ ಮುಟ್ಟಿ ಮಾತು ಕೊಟ್ಟರು. ಅವರ ದನಿ ಎಂದಿನಂತೆಯೇ ಇತ್ತು. ನನಗೇನೂ ತಿಳಿಯಲಿಲ್ಲ.

ಬಲೆಯ ಹಂಗಾಮು ಶುರುವಾಯಿತು. ಬೈಗೆ, ಬಂಗುಡೆಯಂಥ ಮೀನುಗಳು ಅಷ್ಟಿಷ್ಟು ಬಿದ್ದವು. ಎಲ್ಲರೂ ಕಾಯುತ್ತಿದ್ದದ್ದು ಶೇಡೆಗೆ. ಅಪ್ಪಯ್ಯ ದಿನವೂ ಬಂಡೆ ಹತ್ತಿ, ಬೈರಾಸನ್ನು ಹೆಗಲ ಮೇಲೆ ಹಾಕಿಕೊಂಡೇ ನಿಂತು, ಬಿಸಿಲೇರಿದ ಮೇಲೆ ಇಳಿದು ಬರುತ್ತಿದ್ದರು. ತಾಂಡೇಲರು ಹಿಂಡು ಕಾಣುತ್ತದೆಯೇ ಎಂದು ಕೇಳಿದರೆ ಒಂದೇ ಉತ್ತರ: "ಕಾಂತಿಲ್ಲ." ಎರಡು ದಿನ ಕಳೆಯಿತು, ನಾಲ್ಕು ದಿನ ಕಳೆಯಿತು. ಹದ್ದುಗಳು ಅಳಿವೆಯ ಮೇಲೆ ಸುತ್ತುತ್ತಿದ್ದವು. ಐದನೆಯ ದಿನ ತಾಂಡೇಲರು, "ಹಕ್ಕಿಗೆ ಕಂಡದ್ದ್ ನಿಂಗೆ ಕಾಣೂದಿಲ್ವಾ?" ಎಂದು ಕೇಳಿದಾಗ, ಅಪ್ಪಯ್ಯ ಕಣ್ಣುಜ್ಜಿಕೊಂಡು, "ಮಂಜ್ ಮಂಜ್ ಆತ್ತ್, ತಾಂಡೇಲ್ರೆ" ಎಂದರು.

ಆ ಒಂದು ಮಾತು ಸಾಕಾಯಿತು. ಹೆರಿಯಣ್ಣನ ಕಣ್ಣು ಹೋಯಿತೆಂದು ಊರು ಮಾತಾಡಿಕೊಂಡಿತು. ಊರ ಬಾಯಿ ಮುಚ್ಚಲು ಮುಚ್ಚಳ ಎಲ್ಲಿದೆ? ಬಾವಿಕಟ್ಟೆಯಲ್ಲಿ ಒಬ್ಬಳು, "ನಿನ್ನ ಅಪ್ಪಯ್ಯಂಗೆ ಬಟ್ಟಲಲ್ಲಿದ್ದ ಮೀನಾದ್ರೂ ಕಾಣತ್ತಾ ಹೆಣೆ?" ಎಂದಳು. ನಾನು ಅವಳ ಕೊಡವನ್ನು ಕಾಲಿನಿಂದ ಉರುಳಿಸಿ ಬಂದೆ. ಮನೆಗೆ ಬಂದು ಗೋಡೆಗೆ ಮುಖ ಮಾಡಿ ಅತ್ತೆ. ನನ್ನ ಅಪ್ಪಯ್ಯನಂಥ ಕಣ್ಣು ಈ ಕರಾವಳಿಯಲ್ಲೇ ಇಲ್ಲವೆಂದು ಹತ್ತೊಂಬತ್ತು ವರ್ಷ ಮೆರೆದವಳು ನಾನು.

ಅಪ್ಪಯ್ಯ ಆ ದಿನಗಳಲ್ಲಿ ಸರಿಯಾಗಿ ಉಣ್ಣುತ್ತಿರಲಿಲ್ಲ. ಬೈರಾಸಿಗೆ ಕಾಯದೆ ದಡದ ಬಳಿ ಬಿಟ್ಟ ಬಲೆಗೆ ಬೇರೆ ಮೀನು ಬಿದ್ದಾಗ ನೋಟದವನ ಪಾಲೆಂದು ಮನೆಗೆ ಬರುತ್ತಿದ್ದ ಬುಟ್ಟಿಯನ್ನು ಅಂಗಳದಿಂದಲೇ ಹಿಂದಕ್ಕೆ ಕಳಿಸಿದರು. ಬಟ್ಟಲಿಗೆ ಗಂಜಿ, ಉಪ್ಪು ಮಾತ್ರ. "ಹೊಟ್ಟೆ ಸರಿ ಇಲ್ಲೆ" ಎನ್ನುತ್ತಿದ್ದರು. ಅವಮಾನಕ್ಕೆ ಅನ್ನ ಸೇರುತ್ತಿಲ್ಲವೆಂದು ನಾನು ತಿಳಿದೆ. ಅಮ್ಮ ಮಾತಾಡದೆ ಅವರ ಬಟ್ಟಲು ತೊಳೆದಿಡುತ್ತಿದ್ದಳು.

ಒಂಬತ್ತನೆಯ ದಿನ ಸಂಜೆ ನಾವಿಬ್ಬರೂ ದಡದಲ್ಲಿ ಕುಳಿತಿದ್ದೆವು. ದೂರದಲ್ಲಿ, ನೀರು ಆಕಾಶ ಕೂಡುವಲ್ಲಿ ಸಾಸಿವೆ ಕಾಳಿನಷ್ಟು ಏನೋ ಕಂಡಿತು. ಅದು ದೋಣಿಯೋ ಹಕ್ಕಿಯೋ ನನಗೆ ಗೊತ್ತಾಗಲಿಲ್ಲ. ಅಪ್ಪಯ್ಯ ಏನೋ ಯೋಚನೆಯಲ್ಲಿದ್ದವರು ತಮ್ಮಷ್ಟಕ್ಕೇ ಅಂದರು: "ಸೂರಣ್ಣನ ದೋಣಿ. ಹಾಯಿಗೆ ತೇಪೆ ಹಾಕಿದ್ದ. ಮುಂಡಾಸ್ ಎಲ್ಲಿ ಹೋಯ್ತ್ ಇವಂದ್? ಬರೀ ತಲೆಯಲ್ಲಿ ಕೂತಿದ್ದ."

ಅರ್ಧ ಗಂಟೆ ಕಳೆದ ಮೇಲೆ ದೋಣಿ ದಡಕ್ಕೆ ಬಂತು. ತೇಪೆಯ ಹಾಯಿ, ಸೂರಣ್ಣ, ಬರೀ ತಲೆ. ನನ್ನ ಎದೆ ಕುಣಿಯಿತು. ಕಣ್ಣು ಹೋಗಿಲ್ಲ! ಹೋಗಿದ್ದರೆ ತಾನೇ! ಮೀನೇ ಬರಲಿಲ್ಲ, ಇಲ್ಲದ ಮೀನು ಕಾಣುವುದು ಹೇಗೆ? ಕಡಲಿನ ತಪ್ಪನ್ನು ನನ್ನ ಅಪ್ಪಯ್ಯನ ಕಣ್ಣಿಗೆ ಕಟ್ಟಿದ್ದಾರೆ, ಪಾಪದ ಮನುಷ್ಯ ಜನರ ಮಾತು ಕೇಳಿ ಕೇಳಿ ತನ್ನ ಕಣ್ಣನ್ನು ತಾನೇ ನಂಬುತ್ತಿಲ್ಲ ಎಂದು ನನಗೆ ನಾನೇ ಲೆಕ್ಕ ಹಾಕಿಕೊಂಡೆ. ಅಪ್ಪಯ್ಯನನ್ನು ಒಂದು ಮಾತು ಕೇಳಬೇಕೆಂದು ನನಗೆ ತೋಚಲಿಲ್ಲ. ಕೇಳುವ ಅಭ್ಯಾಸ ನನಗಿರಲಿಲ್ಲ, ಹೇಳುವುದಷ್ಟೇ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಬಲೆ ಒಣಗಿಸುವ ಚಪ್ಪರದಲ್ಲಿ ಗುಂಪು ಸೇರಿತು. ನೋಟದವನನ್ನು ಬದಲಿಸುವ ಮಾತು ಎಂದು ಊರಿಗೆಲ್ಲ ಗೊತ್ತಿತ್ತು. ಅಪ್ಪಯ್ಯ ಕಂಬಕ್ಕೊರಗಿ ತಲೆ ತಗ್ಗಿಸಿ ಕುಳಿತಿದ್ದರು. ಹೆಂಗಸರು ಹೊರಗೆ ನಿಂತು ಕೇಳುವುದು ರೂಢಿ. ನಾನು ನೆಟ್ಟಗೆ ಒಳಗೆ ನಡೆದೆ.

ತಾಂಡೇಲರು ಇನ್ನೂ ಬಾಯಿ ತೆರೆದಿರಲಿಲ್ಲ. "ನೀವ್ ಯಾರೂ ಎಂತದೂ ಹೇಳ್ಬೇಡಿ, ಮೊದ್ಲ್ ನನ್ನ ಮಾತ್ ಕೇಣಿ" ಎಂದೆ. ಯಾರೋ ಗದರಿದರು. ನಾನು ಬಿಡಲಿಲ್ಲ. "ನನ್ನ ಅಪ್ಪಯ್ಯನ ಕಣ್ಣಿಗೆ ಎಂತದೂ ಆಯ್ಲಿಲ್ಲ. ಬೇಕಾರೆ ಸೂರಣ್ಣನ ಹತ್ರ ಕೇಣಿ. ನಿನ್ನೆ ಸಂಜೆ ಇವನ ದೋಣಿ ಸಾಸಿವೆ ಕಾಳಷ್ಟ್ ಕಾಂಬತಿಗೆ, ಇವನ ತಲೆಯಲ್ಲಿ ಮುಂಡಾಸ್ ಇಲ್ಲೆ ಅಂತ ಅಪ್ಪಯ್ಯ ದಡದಲ್ಲಿ ಕೂತ್ಕಂಡ್ ಹೇಳಿದ್ರ್. ಮುಂಡಾಸ್ ಎಲ್ಲಿ ಹೋಯ್ತ್, ಹೇಳ್ ಸೂರಣ್ಣ!"

ಸೂರಣ್ಣ ತಬ್ಬಿಬ್ಬಾಗಿ ತಲೆ ಸವರಿಕೊಂಡ. "ಗಾಳಿಗೆ ಹಾರ್ ಹೋಯ್ತ್" ಎಂದ. "ಹೌದ್, ಬರೀ ತಲೆಯಲ್ಲೇ ಬಂದದ್ದ್ ನಾನ್."

ನಾನು ಗೆದ್ದೆನೆಂದು ಎಲ್ಲರ ಮುಖ ನೋಡಿದೆ. ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಎಲ್ಲರ ಕಣ್ಣು ಕಂಬದ ಕಡೆಗಿತ್ತು.

ತಾಂಡೇಲರು ಕಡವಿನ ದೋಣಿ ದಾಟಿಸುವ ಬಾಬಣ್ಣನ ಕಡೆಗೆ ತಿರುಗಿ, "ಬೆಳಿಗ್ಗೆ ಕಂಡದ್ದನ್ನ ಇನ್ನೊಂದ್ ಸಲ ಹೇಳ್ ಬಾಬಣ್ಣ" ಎಂದರು.

"ಅಳಿವೆ ದಾಟೂವತಿಗೆ ಹುಟ್ಟ್ ಹಾಕಿದ್ರೆ ನೀರಲ್ಲ, ಮೀನಿಗೆ ತಾಗೂದ್" ಎಂದ ಬಾಬಣ್ಣ. "ಶೇಡೆ. ಕರಿಬಂಡೆಯ ಬುಡದಿಂದ ಆಚೆ ದಿಬ್ಬದವರೆಗೆ ಅದೇ. ವಾರದಿಂದ ಅಡಿಯಲ್ಲೇ ಇತ್ತ್ ಕಾಣತ್ತ್, ಇಂದ್ ಮೇಲೆ ಬಂದದ್ದ್."

"ಕೇಳ್ದ್ಯಾ ಹೆಣೆ?" ತಾಂಡೇಲರ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. "ಹೆರಿಯಣ್ಣಂಗೆ ವಯಸ್ಸಾಯ್ತ್, ಕಣ್ಣ್ ಮಂಜಾಯ್ತ್, ಅದ್ ಅವನ ತಪ್ಪಲ್ಲ. ಪಾಲ್ ಪೂರಾ ಕೊಟ್ಟ್ ಮರ್ಯಾದಿಯಲ್ಲಿ ಮನೆಯಲ್ಲಿ ಕೂರಿಸುವ ಅಂತ ನಾವ್ ಇಲ್ಲಿ ಸೇರಿದ್ದ್. ಕಣ್ಣ್ ಸಮ ಇತ್ತ್ ಅಂತ ನೀನೇ ಸಾಬೀತ್ ಮಾಡ್ದೆ. ಹಾಂಗಾರೆ ಈ ಒಂಬತ್ತ್ ದಿನ ಅವ ಎಂತ ಕಂಡದ್ದ್?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಎಷ್ಟು ಜನ ನನಗೆ ಬುದ್ಧಿ ಹೇಳಿದ್ದರೋ, ಅದು ಹೀಗೆ ನಿಜವಾಗುತ್ತದೆಂದು ನಾನು ಎಣಿಸಿರಲಿಲ್ಲ.

ಅಪ್ಪಯ್ಯ ಎದ್ದು ನಿಂತರು. "ಕಂಡಿದ್ದೆ" ಎಂದರು. "ಒಂಬತ್ತ್ ದಿನವೂ ಕಂಡಿದ್ದೆ."

ಗದ್ದಲವೆದ್ದಿತು. ತಾಂಡೇಲರು ಕೈಯೆತ್ತಿ ತಡೆದರು. "ಬಲೆ ಮುಟ್ಟಿ ಮಾತ್ ಕೊಟ್ಟಿದ್ದೆ ನೀನ್."

"ಹೌದ್. ಕೊಟ್ಟಿದ್ದೆ. ತಪ್ಪಾಯ್ತ್. ಹೊಸ್ತಿಗೆ ಇನ್ನ್ ಆರ್ ದಿನ ಇತ್ತ್, ತಾಂಡೇಲ್ರೆ. ಆರ್ ದಿನ ಕಳೆದ್ರೆ ಅದ್ರ ಬಾಯಿ ಖಾಲಿ ಆತ್ತ್. ಮತ್ತೆ ನಾನೇ ಬೈರಾಸ್ ಬೀಸ್ತೆ. ಬಾಯೊಳಗೆ ಮಕ್ಕಳನ್ನ ಇಟ್ಟ್ಕಂಡವನ ಮೇಲೆ ಬಲೆ ಹಾಕೂಕೆ ನನ್ನ ಕೈಯಲ್ಲಿ ಆತಿಲ್ಲ."

"ಮೀನಿನ ಬಾಯೊಳಗಿನ ಮಕ್ಕಳ್ ಕಂಡೊ ನಿಂಗೆ" ಎಂದರು ತಾಂಡೇಲರು. "ನಮ್ಮ ಮಕ್ಕಳ ಬಾಯಿ ಕಾಣ್ಲಿಲ್ವಾ ಹೆರಿಯಣ್ಣ?"

ಅಪ್ಪಯ್ಯ ಚಪ್ಪರದ ಹೊರಗೆ ನೋಡಿದರು. ಆ ಮಾತಿಗೆ ಉತ್ತರವನ್ನು ನಾನು ಇವತ್ತಿಗೂ ಹುಡುಕುತ್ತಿದ್ದೇನೆ. ಹೊರಗೆ ನಿಂತ ಹೆಂಗಸರಲ್ಲಿ ಆ ದಿನ ಬೆಳಿಗ್ಗೆ ಮಕ್ಕಳಿಗೆ ಬರೀ ಗಂಜಿ ನೀರು ಕೊಟ್ಟು ಬಂದವರು ಎಷ್ಟೋ ಜನರಿದ್ದರು. ಅವರ ಮುಖ ನೋಡಿದ ಮೇಲೆ ಅಪ್ಪಯ್ಯನದೇ ಸರಿ ಎಂದು ಕೂಗಲು ನನಗೂ ಬಾಯಿ ಬರಲಿಲ್ಲ.

ತಾಂಡೇಲರು ಒಂದೇ ಮಾತು ಹೇಳಿದರು: "ನೀನೇ ಬೈರಾಸ್ ಬೀಸ್ಕ್."

ದೋಣಿ ಬಲೆ ಹೇರಿಕೊಂಡು ನೀರಿಗಿಳಿಯಿತು. ಅಪ್ಪಯ್ಯ ಬಂಡೆ ಹತ್ತಿದರು. ಬೈರಾಸನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದರು. ನಾವೆಲ್ಲ ದಡದಲ್ಲಿ ನಿಂತು ನೋಡುತ್ತಿದ್ದೆವು. ದೋಣಿಯವರು ಹುಟ್ಟು ನಿಲ್ಲಿಸಿ ಮೇಲಕ್ಕೆ ನೋಡುತ್ತಿದ್ದರು. ಅಪ್ಪಯ್ಯ ಬೈರಾಸು ಎತ್ತಲಿಲ್ಲ. ಬಿಸಿಲು ನೆತ್ತಿಗೆ ಬಂತು, ನೀರಿನ ಇಳಿತ ಶುರುವಾಯಿತು, ಕೆಳಗಿನಿಂದ ಜನ ಕೂಗಿದರು, ಕೆಲವರು ಬೈದರು. ಅವರ ಕೈ ಮೇಲೇಳಲಿಲ್ಲ. ಕೊನೆಗೆ ಬಾಬಣ್ಣನೇ ಸಣ್ಣ ದೋಣಿಯಲ್ಲಿ ಮುಂದೆ ಹೋಗಿ ದಾರಿ ತೋರಿಸಿದ. ಬಲೆ ಬಿತ್ತು.

ಆ ದಿನ ಬಿದ್ದಷ್ಟು ಮೀನನ್ನು ನಮ್ಮೂರು ಆಮೇಲೆ ಕಾಣಲಿಲ್ಲ. ನಾನೂ ಹಗ್ಗ ಎಳೆದೆ. ಎಳೆಯಬಾರದಿತ್ತೆಂದು ಈಗ ಹೇಳುವುದು ಸುಲಭ. ಆಗ ಕೈ ತಾನಾಗಿ ಹಗ್ಗಕ್ಕೆ ಹೋಯಿತು, ಎಲ್ಲರ ಜತೆ "ಐಸಾ" ಎಂದು ಬಾಯಿಯೂ ತೆರೆಯಿತು. ಬಲೆ ಹತ್ತಿರ ಬಂದಾಗ ಮೀನುಗಳು ಉಗುಳಿದವು. ಈ ಸಲ ಮೊಟ್ಟೆಗಳು ಮಾತ್ರವಲ್ಲ, ಬೆರಳಿನ ಗೆಣ್ಣಿನಷ್ಟು ಉದ್ದದ ಮರಿಗಳೂ ಇದ್ದವು, ಹೊಟ್ಟೆಗೆ ಇನ್ನೂ ಹಳದಿ ಗುಳ್ಳೆ ಅಂಟಿಕೊಂಡಿತ್ತು. ಅವು ಮರಳಿನ ಮೇಲೆ ಚಿಟಪಟನೆ ಹಾರುತ್ತಿದ್ದವು. ಈ ಸಲ ಯಾರೂ ಬಿದ್ದೆದ್ದು ನಗಲಿಲ್ಲ. ಬುಟ್ಟಿ ತುಂಬುವ ಕೆಲಸ ಮಾತ್ರ ನಿಲ್ಲಲಿಲ್ಲ.

ಅಪ್ಪಯ್ಯ ಇಳಿದು ಬಂದು ಬೈರಾಸನ್ನು ಮರಳಿನ ಮೇಲೆ ಹಾಸಿದರು. ಮೊಟ್ಟೆ, ಮರಿ ಎಂದು ನೋಡದೆ ಬಾಚಿ ಬಾಚಿ ಅದರಲ್ಲಿ ತುಂಬಿ, ಸೊಂಟದ ಮಟ್ಟದ ನೀರಿಗೆ ಹೋಗಿ ಬಿಟ್ಟು ಬಂದರು. ಮತ್ತೆ ತುಂಬಿದರು, ಮತ್ತೆ ಹೋದರು. ನಾನು ಅಳುತ್ತ ಹತ್ತಿರ ಹೋಗಿ ಸೆರಗಿನಲ್ಲಿ ತುಂಬತೊಡಗಿದೆ. ನೀರಿಗೆ ಬಿಟ್ಟ ಮೊಟ್ಟೆಗಳು ನಿಧಾನಕ್ಕೆ ತಳಕ್ಕಿಳಿದವು. ಸಣ್ಣ ಏಡಿಗಳು ಆಗಲೇ ಬಂದಿದ್ದವು.

"ಬದುಕ್ತೊ ಅಪ್ಪಯ್ಯ?" ಎಂದು ಕೇಳಿದೆ.

"ಇಲ್ಲೆ ಮಗಾ. ಬಾಯಿ ಬೇಕ್ ಅದಕ್ಕೆ" ಎಂದರು.

"ಮತ್ತೆಂತಕ್ಕೆ ಬಿಡೂದ್?"

ಅವರು ಬೈರಾಸನ್ನು ಹಿಂಡಿ ಹೆಗಲಿಗೆ ಹಾಕಿಕೊಂಡರು. "ಸುಮ್ಮನೆ ನಿಂತ್ಕಂಬುಕೆ ಆತಿಲ್ಲ" ಎಂದರು. ಸ್ವಲ್ಪ ಹೊತ್ತಾದ ಮೇಲೆ ನನ್ನ ತಲೆಯ ಮೇಲೆ ಒದ್ದೆ ಕೈಯಿಟ್ಟು, "ನೀ ನನ್ನ ಮರ್ಯಾದಿಗಾಯಿ ಮಾತಾಡಿದ್ದ್, ನಂಗೊತ್ತಿತ್ತ್" ಎಂದರು. ಬೈದಿದ್ದರೆ ಒಳ್ಳೆಯದಿತ್ತು. ಬೈಗುಳವಾದರೆ ನಾಲ್ಕು ದಿನಕ್ಕೆ ಮರೆಯುತ್ತಿದ್ದೆ.

ರಾತ್ರಿ ಊಟಕ್ಕೆ ಕುಳಿತಾಗ ಅಮ್ಮ ನನಗೆ ಹೇಳಿದ್ದು ಇಷ್ಟೇ: "ಬಲೆಗೆ ಸುಳ್ಳ್ ಹೇಳಿ ಬಲೆಯ ಮೀನ್ ತಿಂಬುದಿಲ್ಲ ಅಂತ ಅವ್ರ್ ಉಪವಾಸ ಕೂತದ್ದ್. ಊರಿಗೆ ಕುರುಡ ಆದ್ರೂ ಅಡ್ಡಿಲ್ಲ ಅಂತ ಗಟ್ಟಿ ಮಾಡ್ಕಂಡಿದ್ರ್. ನಿಂಗ್ ಅಡ್ಡಿ ಆಯ್ತ್."

ಮಾತಿಗೆ ತಪ್ಪಿದವನು ಬಂಡೆ ಹತ್ತುವಂತಿಲ್ಲ, ಹಗ್ಗ ಮುಟ್ಟುವಂತಿಲ್ಲ ಎಂದು ಗುಂಪು ತೀರ್ಮಾನಿಸಿತು. ಅಪ್ಪಯ್ಯ, "ಆಯ್ತ್" ಎಂದರು. ಆಮೇಲೆ ಅವರು ಹರಿದ ಬಲೆ ಕಟ್ಟಿಕೊಟ್ಟು, ಅಳಿವೆಯಲ್ಲಿ ಗಾಳ ಹಾಕಿ ದಿನ ತಳ್ಳಿದರು. ಕುರುಡನೆಂದು ಆಡಿಕೊಂಡ ಬಾಯಿಗಳೇ ಈಗ ಕಳ್ಳನೆಂದವು. ನಾನು ಯಾರ ಕೊಡವನ್ನೂ ಉರುಳಿಸಲಿಲ್ಲ. ಸಂತೆಯಲ್ಲಿ ಕೂಡ ನನ್ನ ದನಿ ತಗ್ಗಿತೆಂದು ಜನ ಹೇಳುತ್ತಿದ್ದರು.

ಮರುವರ್ಷ ಶೇಡೆಯ ಹಿಂಡು ಅರ್ಧಕ್ಕಿಳಿಯಿತು. ಅದರ ಮರುವರ್ಷ ಒಂದೆರಡು ಬುಟ್ಟಿ ಬಿತ್ತು. ಯಂತ್ರದ ದೋಣಿಗಳು ಹೊರಗಡಲಿನಲ್ಲೇ ಹಿಂಡುಗಳನ್ನು ಸುತ್ತಿ ಎತ್ತುತ್ತಿದ್ದವು, ಅವರ ಬಲೆಯೂ ಮೊಟ್ಟೆಯಿಂದ ಹಳದಿಯಾಗುತ್ತಿತ್ತೆಂದು ಕೇಳಿದೆವು. ತಪ್ಪೆಲ್ಲ ನಮ್ಮ ಬಲೆಯದೇ ಎಂದು ನಾನು ಹೇಳುವುದಿಲ್ಲ. ನಾವೇನೂ ಮಾಡಿಲ್ಲ ಎಂದೂ ಹೇಳುವುದಿಲ್ಲ. ಐದನೆಯ ವರ್ಷ ಒಂದು ಶೇಡೆಯೂ ಬರಲಿಲ್ಲ. ಏಳನೆಯ ವರ್ಷಕ್ಕೆ ಬಂಗುಡೆ, ಬೈಗೆ ಕೂಡ ಕೈಕೊಟ್ಟವು. ಹೊಸ ನೋಟದವ ಬಂಡೆಯ ಮೇಲೆ ದಿನವಿಡೀ ನಿಂತು ಬರಿಗೈಯಲ್ಲಿ ಇಳಿಯುತ್ತಿದ್ದ. ಗುಂಪಿನ ಅರ್ಧ ಜನ ಬೇರೆ ಬೇರೆ ಕೆಲಸ ಹುಡುಕಿಕೊಂಡು ಹೋದರು.

ಆಗ ನನಗೆ ಮದುವೆಯಾಗಿ, ಅದೇ ಊರಿನಲ್ಲಿ ನಾಲ್ಕು ಮನೆಯಾಚೆ ಇದ್ದೆ. ಒಂದು ದಿನ ಬೆಳಿಗ್ಗೆ ಚಿಕ್ಕಯ್ಯ ತಾಂಡೇಲರು ಉಳಿದ ಗುಂಪನ್ನೆಲ್ಲ ಕಟ್ಟಿಕೊಂಡು ಅಪ್ಪಯ್ಯನ ಅಂಗಳಕ್ಕೆ ಬಂದರು. ವೀಳ್ಯದೆಲೆಯ ಮೇಲೆ ಅಡಿಕೆಯಿಟ್ಟು ಮುಂದೆ ಹಿಡಿದರು. ಅವರ ಕೂದಲೆಲ್ಲ ಬೆಳ್ಳಗಾಗಿತ್ತು.

"ಅಂದ್ ಆಡಿದ ಮಾತ್ ಗುಂಪ್ ಹಿಂದೆ ತಕಂಡಿತ್ತ್ ಹೆರಿಯಣ್ಣ. ನೀನೊಂದ್ ಸಲ ಹತ್ತಿ ಕಾಣ್. ಆ ಹೊಸಬನ ಕಣ್ಣ್ ಸಮ ಇಲ್ಲೆ. ಕಡಲಲ್ಲಿ ಇಲ್ದೇ ಇಪ್ಪುದುಂಟಾ?"

ಅಪ್ಪಯ್ಯ ವೀಳ್ಯ ತೆಗೆದುಕೊಂಡರು. ಊರೆಲ್ಲ ಹಿಂದೆ ಹೋಯಿತು. ಅಪ್ಪಯ್ಯ ಮೊಣಕಾಲು ಹಿಡಿದುಕೊಂಡು, ನಿಂತು ನಿಂತು ಬಂಡೆ ಹತ್ತಿದರು. ಬೆಳಿಗ್ಗೆ ಹತ್ತಿದವರು ಮಧ್ಯಾಹ್ನದವರೆಗೆ ತೆಂಕಿನಿಂದ ಬಡಗಿಗೆ, ಬಡಗಿನಿಂದ ತೆಂಕಿಗೆ ಕಣ್ಣು ಹಾಯಿಸುತ್ತಲೇ ಇದ್ದರು. ನೀರು ತಿಳಿಯಾಗಿತ್ತು, ಆಕಾಶದಲ್ಲಿ ಒಂದು ಹದ್ದೂ ಇರಲಿಲ್ಲ.

ಅವರು ಇಳಿದು ಬಂದಾಗ ಎಲ್ಲರೂ ಬಂಡೆಯ ಬುಡಕ್ಕೆ ಹೋದೆವು. ಅವರೇ ಹೇಳಿದರು.

"ಇಲ್ಲೆ. ಎಂತದೂ ಇಲ್ಲೆ."

ಗುಂಪಿನಲ್ಲಿ ಗುಸುಗುಸು ಎದ್ದಿತು. "ಸುಳ್ಳ್" ಎಂದ ಒಬ್ಬ. "ಅಂದೂ ಹೀಂಗೇ ಹೇಳಿದ್ದಲ್ದಾ?" ಎಂದ ಇನ್ನೊಬ್ಬ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅಷ್ಟೂ ಜನರ ಮುಖದಲ್ಲಿ ಒಂದು ಆಸೆ ಹುಟ್ಟಿದ್ದನ್ನು ನಾನು ಕಣ್ಣಾರೆ ಕಂಡೆ. ಹೆರಿಯಣ್ಣ ಮತ್ತೆ ಮುಚ್ಚಿಡುತ್ತಿದ್ದಾನೆ, ಹಾಗಾದರೆ ಮೀನು ಇದೆ! ದೇವರಾಣೆ, ನನಗೂ ಹಾಗೇ ಅನ್ನಿಸಿತು. ನನ್ನ ಅಪ್ಪಯ್ಯ ಸುಳ್ಳು ಹೇಳುತ್ತಿರಲಿ ಎಂದು ಹರಕೆ ಹೊತ್ತಷ್ಟು ಗಟ್ಟಿಯಾಗಿ ಬೇಡಿಕೊಂಡೆ.

ತಾಂಡೇಲರು ಮುಂದೆ ಬಂದು ಅಪ್ಪಯ್ಯನ ಎರಡೂ ಕೈ ಹಿಡಿದುಕೊಂಡರು.

"ಹೆರಿಯ, ಸುಳ್ಳ್ ಹೇಳ್ತಾ ಇದ್ದೆ ಅಲ್ದಾ ನೀನ್? ಅಂದಿನ ಹಾಂಗೆ? ಅಡ್ಡಿಲ್ಲ ಮಾರಾಯ. ಬಲೆ ಹಾಕೂದಿಲ್ಲ ನಾವ್. ಈ ವರ್ಷ ಹಾಕೂದಿಲ್ಲ, ಬರೂ ವರ್ಷವೂ ಹಾಕೂದಿಲ್ಲ. ಎಲ್ಲಿತ್ತ್ ಅಂತಲೂ ಹೇಳ್ಬೇಡ. ಇತ್ತ್ ಅಂತ ಹೇಳ್, ಸಾಕ್."

ಅಪ್ಪಯ್ಯ ಒಂದು ಸುಳ್ಳು ಹೇಳಿದ್ದರೆ ಆ ದಿನ ಅಷ್ಟೂ ಜನ ಅವರ ಕಾಲಿಗೆ ಬೀಳುತ್ತಿದ್ದರು.

"ಇಲ್ಲೆ ಚಿಕ್ಕಯ್ಯ" ಎಂದರು.

ತಾಂಡೇಲರು ಕೈ ಬಿಡಲಿಲ್ಲ. ಅವರ ಹಿಂದೆ ಗುಂಪಿನವರೆಲ್ಲ ಹತ್ತಿರ ಹತ್ತಿರ ಬಂದು, ಅಪ್ಪಯ್ಯನ ಕಣ್ಣುಗಳನ್ನೇ ನೋಡುತ್ತ ನಿಂತರು. ಕಡಲಿನ ಕಡೆಗೆ ಯಾರೂ ತಿರುಗಲಿಲ್ಲ.